ಬೆಂಗಳೂರಿನಲ್ಲಿ ಮರ ಉರುಳಿಸುವುದು ಸುಂಟರಗಾಳಿಯೇ?

ಅಶ್ವಿನಿ ಕಳೆದು ಭರಣಿ ಮಳೆ ಹಿಡಿಯುವ ಹೊತ್ತಿಗೆ ಬೆಂಗಳೂರಿನಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಸಂಜೆ ನಾಲ್ಕರ ಸುಮಾರಿಗೆ ಕವಿದ ಮೋಡ, ಹತ್ತು ನಿಮಿಷದ ಗಾಳಿ, ಬುಡಸಮೇತ ಬಿದ್ದ ಮರಗಳು, ಅಡಿಯಲ್ಲಿ ನಜ್ಜುಗುಜ್ಜಾದ ಕಾರು. ರಾತ್ರಿ ಟಿ.ವಿ.ಯವರು ಅದನ್ನು ಸುಂಟರಗಾಳಿ ಎನ್ನುತ್ತಾರೆ. ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ಮಾತ್ರ ‘ಗುಡುಗು ಸಹಿತ ಮಳೆ, ಬಿರುಗಾಳಿ’ ಎಂದಷ್ಟೇ ಇರುತ್ತದೆ. ಇದರ ಜೊತೆಗೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ವಿಡಿಯೊ ಬೇರೆ. ಖಾಲಿ ಸೈಟಿನಲ್ಲಿ ಧೂಳು ಗಿರಗಿರ ತಿರುಗುತ್ತಿರುತ್ತದೆ, ಪ್ಲಾಸ್ಟಿಕ್ ಹಾಳೆ ಮೂರನೇ ಮಹಡಿಯ ಎತ್ತರಕ್ಕೆ ಹಾರುತ್ತಿರುತ್ತದೆ.

2024ರಲ್ಲಿ ಈ ಗೊಂದಲ ಇನ್ನಷ್ಟು ಹೆಚ್ಚಿತು. ಆ ವರ್ಷ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲಪಾಯಿಗುರಿ ಜಿಲ್ಲೆಯಲ್ಲಿ ಸುಂಟರಗಾಳಿ ಎದ್ದು ಜನ ಸತ್ತರು. ಎರಡೇ ತಿಂಗಳ ಮೇಲೆ, ಜೂನ್ 2ರ ಭಾನುವಾರ, ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿ.ಮೀ. ಮಳೆ ಸುರಿದು, 1891ರಿಂದ ಉಳಿದಿದ್ದ ಜೂನ್ ತಿಂಗಳ ದಾಖಲೆ ಮುರಿಯಿತು. ಇನ್ನೂರಕ್ಕೂ ಹೆಚ್ಚು ಮರ ಉರುಳಿದವು. ನೇರಳೆ ಮಾರ್ಗದ ಮೆಟ್ರೊ ಹಳಿಯ ಮೇಲೂ ಕೊಂಬೆ ಬಿತ್ತು. ಎರಡು ಸುದ್ದಿಯಲ್ಲೂ ಇದ್ದದ್ದು ಗಾಳಿಯೇ. ಆದರೆ ಒಂದು ಕಡೆ ಗಾಳಿ ತಿರುಗುತ್ತ ಮೇಲೇರಿತ್ತು, ಇನ್ನೊಂದು ಕಡೆ ಮೇಲಿಂದ ಬಿದ್ದು ನೆಲದ ಉದ್ದಕ್ಕೂ ಹರಿದಿತ್ತು. ಈ ವ್ಯತ್ಯಾಸ ತಿಳಿಯದೆ ಮುನ್ಸೂಚನೆ ಯಾಕೆ ಬರಲಿಲ್ಲ, ಮರ ಯಾಕೆ ಬಿತ್ತು, ಯಾರನ್ನು ಕೇಳಬೇಕು ಎಂಬ ಯಾವ ಪ್ರಶ್ನೆಗೂ ಸರಿಯಾದ ಉತ್ತರ ಸಿಗುವುದಿಲ್ಲ.

ಜನ ಹೇಳುವ ಮೂರು ಮಾತು

ಒಂದು ಮಾತು: ಹವಾಮಾನ ಕೆಟ್ಟಿದೆ, ಅಮೆರಿಕದಲ್ಲಿ ಬರುತ್ತಿದ್ದ ಟಾರ್ನೆಡೊ ಈಗ ಬೆಂಗಳೂರಿಗೂ ಬಂದಿದೆ. ಇದಕ್ಕೆ ಎದುರು ಮಾತು: ದಕ್ಷಿಣ ಒಳನಾಡಿನಲ್ಲಿ ಸುಂಟರಗಾಳಿ ಹುಟ್ಟಲು ಸಾಧ್ಯವೇ ಇಲ್ಲ, ಇದೆಲ್ಲ ಟಿ.ವಿ.ಯವರ ಉತ್ಪ್ರೇಕ್ಷೆ. ಮೂರನೆಯದು, ಹೆಚ್ಚಾಗಿ ಆಡಳಿತದ ಕಡೆಯಿಂದ ಕೇಳಿಬರುವಂಥದ್ದು: ಅದು ಪ್ರಕೃತಿ ವಿಕೋಪ, ಯಾರೂ ಏನೂ ಮಾಡುವಂತಿರಲಿಲ್ಲ. ಮೊದಲೆರಡರಲ್ಲಿ ಅರ್ಧರ್ಧ ಸತ್ಯವಿದೆ. ಮೂರನೆಯದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಯಾಕೆಂದು ನೋಡುವ ಮುನ್ನ ಸುಂಟರಗಾಳಿ ಹುಟ್ಟುವ ಬಗೆಯನ್ನು ಬಿಡಿಸಿ ನೋಡಬೇಕು.

ಗುಡುಗು ಮೋಡಕ್ಕೆ ತಿರುವು ಎಲ್ಲಿಂದ ಬರುತ್ತದೆ

ಗುಡುಗು ಮೋಡ ಕಟ್ಟಲು ಮೂರು ಬೇಕು. ನೆಲದ ಹತ್ತಿರದ ಒಂದೂವರೆ ಕಿ.ಮೀ. ಪದರದಲ್ಲಿ ಧಾರಾಳ ನೀರಾವಿ. ಅದರ ಮೇಲೆ ಬೇಗ ಬೇಗ ತಣ್ಣಗಾಗುತ್ತ ಹೋಗುವ ಗಾಳಿ. ಕೆಳಗಿನದನ್ನು ಮೊದಲ ಬಾರಿ ಮೇಲಕ್ಕೆ ದೂಡುವ ಏನಾದರೊಂದು. ಎರಡು ಗಾಳಿ ಎದುರುಬದುರಾಗುವ ಗೆರೆಯೋ, ಬೆಟ್ಟದ ಏರೋ, ಹಿಂದಿನ ಮಳೆ ಬಿಟ್ಟುಹೋದ ತಂಪು ಗಾಳಿಯ ಅಂಚೋ ಆ ಕೆಲಸ ಮಾಡುತ್ತದೆ. ಒಮ್ಮೆ ಏರತೊಡಗಿದ ಹಸಿ ಗಾಳಿಯಲ್ಲಿ ಆವಿ ಹನಿಯಾಗುವಾಗ ಶಾಖ ಬಿಡುಗಡೆಯಾಗುತ್ತದೆ. ಆ ಶಾಖದಿಂದ ಗಾಳಿ ಸುತ್ತಲಿನದಕ್ಕಿಂತ ಹಗುರಾಗಿ ಇನ್ನೂ ಮೇಲೇರುತ್ತದೆ. ಹೀಗೆ ಮೋಡದ ತಲೆ 12ರಿಂದ 16 ಕಿ.ಮೀ. ಮುಟ್ಟುತ್ತದೆ. ಬೆಂಗಳೂರಿನ ಮೇ ತಿಂಗಳ ಸಂಜೆಗಳಲ್ಲಿ ಇಷ್ಟಕ್ಕೆ ಕೊರತೆಯಿಲ್ಲ.

ಸುಂಟರಗಾಳಿಗೆ ನಾಲ್ಕನೆಯದೊಂದು ಬೇಕು. ಅದೇ ವಿಂಡ್ ಶಿಯರ್, ಅಂದರೆ ಎತ್ತರ ಏರಿದಂತೆ ಗಾಳಿಯ ವೇಗ ಮತ್ತು ದಿಕ್ಕು ಬದಲಾಗುವುದು. ನೆಲದ ಬಳಿ ಗಾಳಿ ನಿಧಾನವಾಗಿ, ಮೇಲೆ ಜೋರಾಗಿ ಬೀಸುತ್ತಿದ್ದರೆ ನಡುವಿನ ಗಾಳಿ ಚಪಾತಿಯ ಮೇಲಿನ ಲಟ್ಟಣಿಗೆಯಂತೆ ಅಡ್ಡಡ್ಡಲಾಗಿ ಉರುಳುತ್ತಿರುತ್ತದೆ. ಮೋಡದೊಳಗೆ ಮೇಲೇರುವ ಹರಿವು ಈ ಉರುಳೆಯ ಒಂದು ಭಾಗವನ್ನು ಎತ್ತಿದಾಗ ಮಲಗಿದ್ದ ತಿರುಗು ಎದ್ದು ನಿಲ್ಲುತ್ತದೆ. ಮೇಲೇರುವ ಇಡೀ ಗಾಳಿಕಂಬವೇ ತಿರುಗತೊಡಗುತ್ತದೆ. ಇಂಥ ತಿರುಗುವ ಗುಡುಗು ಮೋಡವೇ ಸೂಪರ್‌ಸೆಲ್. ಬ್ರಿಟಿಷ್ ಹವಾಮಾನ ತಜ್ಞ ಕೀತ್ ಬ್ರೌನಿಂಗ್ 1960ರ ದಶಕದ ಆರಂಭದಲ್ಲಿ ಕೊಟ್ಟ ಹೆಸರು ಅದು. ಅದರ ಒಡಲೊಳಗಿನ ಕೆಲವು ಕಿ.ಮೀ. ಅಗಲದ ತಿರುಗುವಿಕೆಗೆ ಮೆಸೊಸೈಕ್ಲೋನ್ ಎನ್ನುತ್ತಾರೆ.

ಶಿಯರ್‌ಗೆ ಎರಡನೆಯ ಕೆಲಸವೂ ಇದೆ, ಮತ್ತು ಬೆಂಗಳೂರಿನ ಮಟ್ಟಿಗೆ ಅದೇ ಮುಖ್ಯ. ಶಿಯರ್ ಕಡಿಮೆಯಿದ್ದರೆ ಮೋಡ ನೆಟ್ಟಗೆ ಮೇಲಕ್ಕೆ ಬೆಳೆಯುತ್ತದೆ. ಅದರಿಂದ ಸುರಿಯುವ ಮಳೆ ತನ್ನನ್ನೇ ಪೋಷಿಸುತ್ತಿದ್ದ ಮೇಲೇರುವ ಗಾಳಿಯ ತಲೆಯ ಮೇಲೇ ಬೀಳುತ್ತದೆ. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯಲ್ಲಿ ಮೋಡದ ಕಥೆ ಮುಗಿಯುತ್ತದೆ. ಶಿಯರ್ ಬಲವಾಗಿದ್ದರೆ ಮೋಡ ವಾಲುತ್ತದೆ. ಮಳೆ ಒಂದು ಪಕ್ಕಕ್ಕೆ ಬಿದ್ದು, ಇನ್ನೊಂದು ಪಕ್ಕದಲ್ಲಿ ಬಿಸಿ-ಹಸಿ ಗಾಳಿ ಅಡೆತಡೆಯಿಲ್ಲದೆ ಒಳಗೆ ಬರುತ್ತಿರುತ್ತದೆ. ಆಗ ಮೋಡ ಗಂಟೆಗಟ್ಟಲೆ ಬದುಕುತ್ತದೆ. ನೆಲಕ್ಕೂ 6 ಕಿ.ಮೀ. ಎತ್ತರಕ್ಕೂ ನಡುವೆ ಗಾಳಿಯ ವ್ಯತ್ಯಾಸ ಸೆಕೆಂಡಿಗೆ ಸುಮಾರು 20 ಮೀಟರ್, ಅಂದರೆ ಗಂಟೆಗೆ 70 ಕಿ.ಮೀ. ಆಸುಪಾಸಿನಲ್ಲಿದ್ದರೆ ಸೂಪರ್‌ಸೆಲ್ ಹುಟ್ಟುವ ಸಾಧ್ಯತೆಯನ್ನು ಮುನ್ಸೂಚಕರು ಗಂಭೀರವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಮೋಡದಿಂದ ನೆಲದವರೆಗಿನ ಕೊನೆಯ ಕಿಲೋಮೀಟರ್

ಸೂಪರ್‌ಸೆಲ್ ಹುಟ್ಟಿದ ಮಾತ್ರಕ್ಕೆ ಸುಂಟರಗಾಳಿ ಹುಟ್ಟಿತೆಂದಲ್ಲ. ಅಮೆರಿಕದಲ್ಲಿ ರಾಡಾರ್ ಗುರುತಿಸುವ ಮೆಸೊಸೈಕ್ಲೋನ್‌ಗಳಲ್ಲಿ ಸುಂಟರಗಾಳಿಯಾಗಿ ನೆಲ ಮುಟ್ಟುವುದು ಸುಮಾರು ನಾಲ್ಕರಲ್ಲಿ ಒಂದು. ಯಾಕೆಂದರೆ ಮೇಲೇರುವ ಗಾಳಿ ಎತ್ತಿ ನಿಲ್ಲಿಸಿದ ತಿರುಗುವಿಕೆ ಆ ಗಾಳಿಯ ಜೊತೆಗೇ ಮೇಲಕ್ಕೆ ಹೋಗುತ್ತದೆಯೇ ಹೊರತು ಕೆಳಗೆ ಇಳಿಯುವುದಿಲ್ಲ. ನೆಲಮಟ್ಟದಲ್ಲೂ ತಿರುಗುವಿಕೆ ಹುಟ್ಟಬೇಕಾದರೆ ಕೆಳಕ್ಕೆ ಬರುವ ಗಾಳಿಯೊಂದು ಬೇಕು. ಸೂಪರ್‌ಸೆಲ್‌ನ ಹಿಂಬದಿಯಿಂದ ಮಳೆ ಮತ್ತು ಆಲಿಕಲ್ಲಿನ ಜೊತೆ ಇಳಿಯುವ ತಂಪು ಗಾಳಿ ಮೋಡದ ಬುಡವನ್ನು ಸುತ್ತುವರಿಯುತ್ತ ಬಂದು ಈ ಕೆಲಸ ಮಾಡುತ್ತದೆ. ರಾಡಾರ್ ಪರದೆಯಲ್ಲಿ ಕೊಕ್ಕೆಯಂತೆ ಕಾಣುವುದು ಇದೇ ಸುತ್ತು. 1953ರ ಏಪ್ರಿಲ್‌ನಲ್ಲಿ ಇಲಿನಾಯ್ ರಾಜ್ಯದಲ್ಲಿ ಆ ಕೊಕ್ಕೆಯನ್ನು ಮೊದಲು ದಾಖಲಿಸಿದರು.

ನೆಲದ ಬಳಿ ಮೆಲ್ಲಗೆ ತಿರುಗುತ್ತಿರುವ ಈ ಗಾಳಿಯನ್ನು ಮೇಲಿನ ಸೆಳೆತ ಹಿಡಿದು ಎಳೆದರೆ ಅದು ಉದ್ದವಾಗಿ, ಸಣಕಲಾಗಿ, ವೇಗವಾಗುತ್ತದೆ. ಲೆಕ್ಕ ಸರಳ: ತ್ರಿಜ್ಯ ಮತ್ತು ವೇಗದ ಗುಣಲಬ್ಧ ಬದಲಾಗುವುದಿಲ್ಲ. ಕೇಂದ್ರದಿಂದ 1000 ಮೀ. ದೂರದಲ್ಲಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಸುತ್ತುತ್ತಿರುವ ಗಾಳಿ 100 ಮೀಟರಿಗೆ ಕುಗ್ಗಿದರೆ ವೇಗ 50 ಮೀಟರ್, ಅಂದರೆ ಗಂಟೆಗೆ 180 ಕಿ.ಮೀ. ಆಗುತ್ತದೆ. ನೆಲದ ತಿಕ್ಕಾಟದಲ್ಲಿ ಸ್ವಲ್ಪ ಸೋರಿಹೋದರೂ ಉಳಿಯುವುದು ಕಡಿಮೆಯೇನಲ್ಲ.

ಕೆಡುವುದು ಎರಡು ಕಡೆ. ಇಳಿದ ಗಾಳಿ ತೀರಾ ತಣ್ಣಗಿದ್ದರೆ ಅದು ಭಾರವಾಗಿ ನೆಲಕ್ಕೆ ಅಂಟಿಕೊಳ್ಳುತ್ತದೆ, ಮೇಲಿನ ಸೆಳೆತಕ್ಕೆ ಎತ್ತಲು ಆಗುವುದಿಲ್ಲ. ಅಷ್ಟೇ ಅಲ್ಲ, ಮುಂದಕ್ಕೆ ಹರಿದು ಬಿಸಿ ಗಾಳಿಯ ದಾರಿಯನ್ನೇ ಕಡಿದುಹಾಕುತ್ತದೆ. ಇನ್ನೊಂದು, ಮೋಡದ ಬುಡ ಎತ್ತರದಲ್ಲಿದ್ದರೆ ನಡುವಿನ ಒಣ ಗಾಳಿಯಲ್ಲಿ ಮಳೆ ಹೆಚ್ಚು ಆವಿಯಾಗಿ ಮತ್ತದೇ ಚಳಿ ಹುಟ್ಟುತ್ತದೆ. ಹಾಗಾಗಿ ಬಲವಾದ ಸುಂಟರಗಾಳಿಗಳು ಹೆಚ್ಚಾಗಿ ಕಾಣುವುದು ಮೋಡದ ಬುಡ ನೆಲದಿಂದ ಒಂದು ಕಿ.ಮೀ.ಗಿಂತ ಕೆಳಗಿರುವ ದಿನಗಳಲ್ಲಿ. 2009 ಮತ್ತು 2010ರಲ್ಲಿ ಅಮೆರಿಕದ ಬಯಲುಗಳಲ್ಲಿ ರಾಡಾರ್ ಹೊತ್ತ ಟ್ರಕ್ಕುಗಳೊಂದಿಗೆ ಓಡಾಡಿದ ವೋರ್ಟೆಕ್ಸ್-2 ಯೋಜನೆ ಕೂಡ ಈ ಕೊನೆಯ ಹಂತದ ಬೆನ್ನು ಹತ್ತಿದ್ದೇ. ಒಂದೇ ಥರ ಕಾಣುವ ಎರಡು ಸೂಪರ್‌ಸೆಲ್‌ಗಳಲ್ಲಿ ಯಾವುದು ನೆಲ ಮುಟ್ಟುತ್ತದೆ ಎಂಬುದನ್ನು ಇವತ್ತಿಗೂ ಖಚಿತವಾಗಿ ಹೇಳಲು ಬರುವುದಿಲ್ಲ.

ಕಣ್ಣಿಗೆ ಕಾಣುವ ಸೊಂಡಿಲು ಗಾಳಿಯಲ್ಲ, ನೀರಹನಿ. ಸುಳಿಯೊಳಗೆ ಒತ್ತಡ ಇಳಿದಾಗ ಗಾಳಿ ತಣ್ಣಗಾಗಿ ಆವಿ ಹನಿಗಟ್ಟುತ್ತದೆ. ಕೆಳಭಾಗದಲ್ಲಿ ಧೂಳು, ತಗಡು, ಕೊಂಬೆ ಸೇರಿಕೊಳ್ಳುತ್ತವೆ. ಸೊಂಡಿಲು ಇನ್ನೂ ನೆಲ ಮುಟ್ಟಿಲ್ಲ ಎನಿಸಿದಾಗಲೇ ಗಾಳಿ ಮುಟ್ಟಿರಬಹುದು. 2003ರ ಜೂನ್ 24ರಂದು ದಕ್ಷಿಣ ಡಕೋಟದ ಮ್ಯಾಂಚೆಸ್ಟರ್ ಎಂಬಲ್ಲಿ ಸುಂಟರಗಾಳಿಯ ದಾರಿಯಲ್ಲಿಟ್ಟ ಉಪಕರಣ 100 ಮಿಲಿಬಾರ್ ಒತ್ತಡ ಇಳಿದದ್ದನ್ನು ಅಳೆಯಿತು. ಬೆಂಗಳೂರಿನಿಂದ ಹೊರಟು ಇನ್ನೊಂದು ಕಿಲೋಮೀಟರ್ ಮೇಲೇರಿದರೆ ಎಷ್ಟು ಇಳಿಯುತ್ತದೋ ಹೆಚ್ಚುಕಡಿಮೆ ಅಷ್ಟು, ಅದೂ ಕೆಲವೇ ಸೆಕೆಂಡುಗಳಲ್ಲಿ. ಇದರಿಂದಲೇ ‘ಒತ್ತಡ ಸಮವಾಗಲಿ, ಕಿಟಕಿ ತೆರೆದಿಡಿ’ ಎಂಬ ಸಲಹೆ ಹುಟ್ಟಿರುವುದು. ಅದು ತಪ್ಪು. ಮನೆ ಒಡೆಯುವುದು ಗಾಳಿಯ ಹೊಡೆತದಿಂದ. ತೆರೆದ ಕಿಟಕಿಯಿಂದ ಒಳನುಗ್ಗಿದ ಗಾಳಿ ಸೂರನ್ನು ಕೆಳಗಿನಿಂದ ಎತ್ತುತ್ತದೆ.

ಬಂಗಾಳದಲ್ಲಿ ಆಗುವುದು ಇಲ್ಲೇಕೆ ಆಗದು

ಜಗತ್ತಿನ ಅತಿ ಹೆಚ್ಚು ಜೀವ ತೆಗೆದ ಸುಂಟರಗಾಳಿ ಅಮೆರಿಕದ್ದಲ್ಲ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ–ಸಾಟುರಿಯಾದಲ್ಲಿ ಸುಮಾರು 1300 ಮಂದಿ ಸತ್ತರು. ಭಾರತದಲ್ಲೂ ಉದಾಹರಣೆಗಳಿವೆ. 1978ರ ಮಾರ್ಚ್ 17ರಂದು ಉತ್ತರ ದೆಹಲಿಯಲ್ಲಿ 28 ಮಂದಿ ಬಲಿಯಾದರು. 2009ರ ಮಾರ್ಚ್‌ನಲ್ಲಿ ಒಡಿಶಾದ ಕೇಂದ್ರಾಪಡಾ ಜಿಲ್ಲೆ, 2023ರ ಮಾರ್ಚ್‌ನಲ್ಲಿ ಪಂಜಾಬಿನ ಫಾಜಿಲ್ಕಾ. ಎಲ್ಲವೂ ಮಾರ್ಚ್–ಏಪ್ರಿಲ್, ಎಲ್ಲವೂ ಉತ್ತರ ಇಲ್ಲವೇ ಪೂರ್ವ ಭಾರತ.

ಆ ಋತುವಿನಲ್ಲಿ ಬಂಗಾಳದ ಬಯಲಿನಲ್ಲಿ ಕೆಳಗೆ ಕೊಲ್ಲಿಯಿಂದ ಬರುವ ಹಸಿ ದಕ್ಷಿಣ ಗಾಳಿ, ಅದರ ಮೇಲೆ ಛೋಟಾನಾಗಪುರ ಪ್ರಸ್ಥಭೂಮಿಯ ಕಡೆಯಿಂದ ಬರುವ ಒಣ ಬಿಸಿ ಗಾಳಿ, ಇನ್ನೂ ಮೇಲೆ ಹಿಮಾಲಯದ ದಕ್ಷಿಣಕ್ಕೆ ಹರಿಯುವ ಪಶ್ಚಿಮದ ಜೆಟ್ ಪ್ರವಾಹ, ಅಂದರೆ ಬಹಳ ಎತ್ತರದಲ್ಲಿ ನದಿಯಂತೆ ವೇಗವಾಗಿ ಹರಿಯುವ ಗಾಳಿಯ ಪಟ್ಟಿ. ಎತ್ತರ ಏರಿದಂತೆ ಗಾಳಿ ದಕ್ಷಿಣದಿಂದ ಪಶ್ಚಿಮಕ್ಕೆ ತಿರುಗುತ್ತದೆ, ವೇಗವೂ ಏರುತ್ತದೆ. ನಾಲ್ಕೂ ಒಂದೇ ಕಡೆ ಸೇರುತ್ತವೆ.

ಬೆಂಗಳೂರು ಇರುವುದು 13 ಡಿಗ್ರಿ ಉತ್ತರದಲ್ಲಿ, ಸಮುದ್ರಮಟ್ಟದಿಂದ ಸುಮಾರು 920 ಮೀ. ಎತ್ತರದಲ್ಲಿ. ಏಪ್ರಿಲ್–ಮೇನಲ್ಲಿ ಮಧ್ಯ ಭಾರತದಿಂದ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡಿನವರೆಗೆ ಒಂದು ಕಡಿಮೆ ಒತ್ತಡದ ಗೆರೆ ಹಾದುಹೋಗಿರುತ್ತದೆ. ಹವಾಮಾನ ವರದಿಯಲ್ಲಿ ಬರುವ ‘ಟ್ರಫ್’ ಅದೇ. ಅದರ ಪೂರ್ವಕ್ಕೆ ಬಂಗಾಳ ಕೊಲ್ಲಿಯ ಹಸಿ ಗಾಳಿ, ಪಶ್ಚಿಮ-ಉತ್ತರಕ್ಕೆ ಒಳನಾಡಿನ ಒಣ ಗಾಳಿ. ಮೊದಲ ಮೂರು ಸಾಮಗ್ರಿ ಸಿದ್ಧ. ಆದರೆ ಪಶ್ಚಿಮದ ಜೆಟ್ ಪ್ರವಾಹ ಇಲ್ಲಿಂದ ಬಹಳ ಉತ್ತರಕ್ಕಿರುತ್ತದೆ. ನಮ್ಮ ತಲೆಯ ಮೇಲೆ ಐದಾರು ಕಿ.ಮೀ. ಎತ್ತರದಲ್ಲಿ ಗಾಳಿ ಸಾಮಾನ್ಯವಾಗಿ ದುರ್ಬಲ. ಮೋಡ ನೆಟ್ಟಗೆ ಬೆಳೆದು ತನ್ನ ಮೇಲೆ ತಾನೇ ಕುಸಿಯುತ್ತದೆ.

ಕುತೂಹಲದ ವಿಷಯವೆಂದರೆ ಮುಂಗಾರಿನಲ್ಲಿ ಬೆಂಗಳೂರಿನ ಮೇಲೆ ಶಿಯರ್‌ಗೆ ಕೊರತೆಯೇ ಇಲ್ಲ. ಕೆಳಗೆ ಬಲವಾದ ಪಶ್ಚಿಮದ ಗಾಳಿ, 14–16 ಕಿ.ಮೀ. ಎತ್ತರದಲ್ಲಿ ಭಾರತೀಯ ಹವಾಮಾನ ತಜ್ಞ ಪಿ. ಕೋಟೇಶ್ವರಂ 1950ರ ದಶಕದಲ್ಲಿ ವಿವರಿಸಿದ ಪೂರ್ವದ ಜೆಟ್ ಪ್ರವಾಹ. ಎರಡೂ ಎದುರು ದಿಕ್ಕು. ಆದರೆ ಆಗ ಆಕಾಶ ಮುಚ್ಚಿರುತ್ತದೆ, ನೆಲ ಕಾಯುವುದಿಲ್ಲ, ಎತ್ತರಕ್ಕೆ ಚಿಮ್ಮುವ ಮೋಡಗಳು ಕಡಿಮೆ. ಜಿಟಿಜಿಟಿ ಮಳೆಯಲ್ಲೇ ಋತು ಕಳೆಯುತ್ತದೆ. ಒಂದು ಇದ್ದಾಗ ಇನ್ನೊಂದು ಇರುವುದಿಲ್ಲ ಎಂಬುದೇ ಈ ನಗರದ ಅದೃಷ್ಟ.

ಹಾಗಂತ ಸಾಧ್ಯವೇ ಇಲ್ಲ ಎನ್ನುವಂತಿಲ್ಲ. ಸೂಪರ್‌ಸೆಲ್ ಇಲ್ಲದೆಯೂ ಸಣ್ಣ ಸುಂಟರಗಾಳಿ ಹುಟ್ಟುವ ಇನ್ನೊಂದು ದಾರಿಯಿದೆ. ಎರಡು ಗಾಳಿ ಸಂಧಿಸುವ ಗೆರೆಯಲ್ಲಿ ನೆಲಮಟ್ಟದಲ್ಲೇ ಸಣ್ಣ ಸುಳಿಗಳಿರುತ್ತವೆ. ಅಂಥ ಸುಳಿಯ ನೆತ್ತಿಯ ಮೇಲೆ ಸರಿಯಾಗಿ ಒಂದು ಮೋಡ ಬೆಳೆಯತೊಡಗಿದರೆ ಅದನ್ನು ಎಳೆದು ಬಿಗಿಮಾಡುತ್ತದೆ. ಸಮುದ್ರದ ಮೇಲಾದರೆ ಜಲಸ್ತಂಭ, ನೆಲದ ಮೇಲಾದರೆ ಕೆಲವೇ ನಿಮಿಷದ ದುರ್ಬಲ ಸುಂಟರಗಾಳಿ. ಇದಕ್ಕೆ ಬೆಂಗಳೂರೂ ಹೊರತಲ್ಲ. ಆದರೆ ಒಂದೇ ಸಂಜೆ ಯಲಹಂಕದಿಂದ ಜಯನಗರದವರೆಗೆ ಮರ ಬಿದ್ದಿದ್ದರೆ ಅದು ಇದರ ಕೈಗೆಲಸವಲ್ಲ.

ಬೆಂಗಳೂರಿನ ಗಾಳಿ: ಮೇಲಿಂದ ಬೀಳುವುದು

ಏಪ್ರಿಲ್‌ನ ಒಣ ಸಂಜೆಗಳಲ್ಲಿ ಮೋಡದ ಬುಡ ನೆಲದಿಂದ ಎರಡು ಕಿ.ಮೀ. ಎತ್ತರದಲ್ಲಿರಬಹುದು. ಅಲ್ಲಿಂದ ಬೀಳುವ ಮಳೆ ಕೆಳಗಿನ ಒಣ ಗಾಳಿಯಲ್ಲಿ ಆವಿಯಾಗುತ್ತ ಬರುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಆ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಒಂದು ಕಿಲೋ ಗಾಳಿಯಲ್ಲಿ ಒಂದು ಗ್ರಾಂ ನೀರು ಆವಿಯಾದರೆ ಆ ಗಾಳಿ ಸುಮಾರು 2.5 ಡಿಗ್ರಿ ತಣ್ಣಗಾಗುತ್ತದೆ. ಮೂರು ಗ್ರಾಂ ಆದರೆ ಏಳೂವರೆ ಡಿಗ್ರಿ. ಆಲಿಕಲ್ಲು ಕರಗಿದರೆ ಅದರ ಪಾಲೂ ಸೇರುತ್ತದೆ. ಒಂದು ಘನ ಕಿ.ಮೀ. ಗಾಳಿಯ ತೂಕ ಸುಮಾರು ಹತ್ತು ಲಕ್ಷ ಟನ್. ಅದಿಷ್ಟೂ ಸುತ್ತಲಿನದಕ್ಕಿಂತ ಏಳೆಂಟು ಡಿಗ್ರಿ ತಣ್ಣಗಾಗಿ, ಭಾರವಾಗಿ, ಜೊತೆಗೆ ಮಳೆಹನಿಗಳ ತೂಕವನ್ನೂ ಹೊತ್ತು ಕುಸಿಯುತ್ತದೆ. ನೆಲಕ್ಕೆ ಬಡಿದ ಮೇಲೆ ಕೆಳಗೆ ಹೋಗಲು ಜಾಗವಿಲ್ಲದೆ ಎಲ್ಲ ದಿಕ್ಕಿಗೂ ಹರಡುತ್ತದೆ. ಇದೇ ಡೌನ್‌ಬರ್ಸ್ಟ್. ಹರಡಿದ ಅಗಲ 4 ಕಿ.ಮೀ.ಗಿಂತ ಕಡಿಮೆಯಿದ್ದರೆ ಮೈಕ್ರೋಬರ್ಸ್ಟ್. ಅದರ ಆಯುಷ್ಯ ಎರಡರಿಂದ ಐದು ನಿಮಿಷ.

ಇದನ್ನು ಗುರುತಿಸಿದವರು ಷಿಕಾಗೊ ವಿಶ್ವವಿದ್ಯಾಲಯದ ಟೆಟ್ಸುಯಾ ಫುಜಿತಾ. ಸುಂಟರಗಾಳಿಯ ಬಲ ಅಳೆಯುವ ಮಾಪಕ ಮಾಡಿದವರೂ ಅವರೇ. 1974ರ ಏಪ್ರಿಲ್ 3–4ರಂದು ಅಮೆರಿಕದಲ್ಲಿ 148 ಸುಂಟರಗಾಳಿಗಳು ಎದ್ದಾಗ ವಿಮಾನದಿಂದ ಹಾನಿ ನೋಡುತ್ತ ಹೋದ ಅವರಿಗೆ ಕೆಲವು ಕಡೆ ಮರಗಳು ಸುಳಿಯಾಕಾರದಲ್ಲಿ ಬೀಳದೆ ನಕ್ಷತ್ರದ ಕಿರಣಗಳಂತೆ ಹೊರಮುಖವಾಗಿ ಬಿದ್ದದ್ದು ಕಂಡಿತು. ಮರುವರ್ಷ ಜೂನ್ 24ರಂದು ನ್ಯೂಯಾರ್ಕ್‌ನಲ್ಲಿ ಇಳಿಯುತ್ತಿದ್ದ ಈಸ್ಟರ್ನ್ 66 ವಿಮಾನ ಗುಡುಗು ಮಳೆಯಲ್ಲಿ ನೆಲಕ್ಕಪ್ಪಳಿಸಿ 113 ಮಂದಿ ಸತ್ತಾಗ ಅವರು ಅದೇ ಬೀಳುವ ಗಾಳಿಯನ್ನು ಕಾರಣವೆಂದರು. ಮೊದಲು ಹಲವರು ಒಪ್ಪಲಿಲ್ಲ. ಇಂದು ವಿಮಾನ ನಿಲ್ದಾಣಗಳ ಗಾಳಿ ಎಚ್ಚರಿಕೆ ವ್ಯವಸ್ಥೆಗೆ ಬುನಾದಿ ಆ ವಾದವೇ.

ಬಿದ್ದ ತಂಪು ಗಾಳಿಯ ಮುಂಚೂಣಿ ಮಳೆಗಿಂತ ಎಷ್ಟೋ ಕಿಲೋಮೀಟರ್ ಮುಂದೆ ಓಡುತ್ತದೆ. ದೇವನಹಳ್ಳಿಯಲ್ಲಿ ಮಳೆ ಸುರಿಯುತ್ತಿರುವಾಗ ಹೆಬ್ಬಾಳದಲ್ಲಿ ಒಂದು ಹನಿಯೂ ಇಲ್ಲದೆ ಕೊಂಬೆ ಮುರಿಯುವುದು ಹೀಗೆ. ಎರಡು ಮುಂಚೂಣಿಗಳು ಎದುರಾದ ಕಡೆ ಬಿಸಿ ಗಾಳಿ ಮೇಲಕ್ಕೆ ತಳ್ಳಲ್ಪಟ್ಟು ಹೊಸ ಮೋಡ ಹುಟ್ಟುತ್ತದೆ. ಒಂದು ಮಳೆ ನಿಂತ ಮುಕ್ಕಾಲು ಗಂಟೆಗೆ ಇನ್ನೊಂದು ಬಡಾವಣೆಯಲ್ಲಿ ಶುರುವಾಗುವ ಗುಟ್ಟು ಇದು.

ಹಾಗಾದರೆ ವಿಡಿಯೊಗಳಲ್ಲಿ ತಿರುಗುವ ಧೂಳು? ಅದರಲ್ಲಿ ಎರಡು ಬಗೆ. ಮೋಡವಿಲ್ಲದ ಮಧ್ಯಾಹ್ನ ಕಾದ ಮೈದಾನದಿಂದ ಏಳುವ ಧೂಳಿನ ಸುಳಿಗೂ ಮಳೆಗೂ ಸಂಬಂಧವೇ ಇಲ್ಲ. ಇನ್ನೊಂದು, ತಂಪು ಗಾಳಿಯ ಮುಂಚೂಣಿಯ ಅಂಚಿನಲ್ಲಿ, ಕಟ್ಟಡಗಳ ಮೂಲೆಯಲ್ಲಿ ಅರೆ ನಿಮಿಷ ತಿರುಗಿ ಚದುರುವ ಸುಳಿ. ತಗಡು ಹಾರಿಸುವಷ್ಟು ಬಲ ಅದಕ್ಕಿರಬಹುದು, ಆದರೆ ಅದು ಮೋಡದ ಬುಡಕ್ಕೆ ಅಂಟಿರುವುದಿಲ್ಲ. ವಿಡಿಯೊದಲ್ಲಿ ನೋಡಬೇಕಾದದ್ದು ಕೆಳಗಿನ ಧೂಳನ್ನಲ್ಲ, ಮೇಲಿನ ಮೋಡವನ್ನು. ಮೋಡದ ಬುಡ ತಿರುಗುತ್ತಿದೆಯೇ, ಅಲ್ಲಿಂದ ಏನಾದರೂ ಇಳಿದಿದೆಯೇ? ಹೆಚ್ಚಿನ ವಿಡಿಯೊಗಳಲ್ಲಿ ಮೋಡವೇ ಕಾಣುವುದಿಲ್ಲ ಎಂಬುದು ಬೇರೆ ಮಾತು.

ಬಿದ್ದ ಮರಗಳನ್ನು ಓದುವ ಬಗೆ

ಗಾಳಿ ಹೋದ ಮೇಲೆ ಸಾಕ್ಷಿಯಾಗಿ ಉಳಿಯುವುದು ಮರಗಳ ದಿಕ್ಕು. ಪ್ರತಿ ಮರದ ಬುಡದ ಬಳಿ ನಿಂತು ತುದಿ ಯಾವ ಕಡೆಗಿದೆ ಎಂದು ಮೊಬೈಲಿನ ದಿಕ್ಸೂಚಿಯಲ್ಲಿ ನೋಡಿ, ಡಿಗ್ರಿಯನ್ನೂ ಜಾಗವನ್ನೂ ಬರೆದುಕೊಳ್ಳಬೇಕು. ಇಪ್ಪತ್ತು ಮೂವತ್ತು ಮರಗಳನ್ನು ನಕ್ಷೆಯಲ್ಲಿ ಬಾಣಗಳಾಗಿ ಗುರುತಿಸಿದರೆ ಚಿತ್ರ ಮೂಡುತ್ತದೆ. ಬಾಣಗಳು ಒಂದು ಜಾಗದಿಂದ ಬೀಸಣಿಗೆಯಾಗಿ ಹೊರಕ್ಕೆ ಹರಡಿದ್ದರೆ, ಇಲ್ಲವೇ ಎಲ್ಲವೂ ಒಂದೇ ಕಡೆ ಮುಖ ಮಾಡಿದ್ದರೆ, ಅದು ಬಿದ್ದ ಗಾಳಿ. ಕಿರಿದಾದ ಪಟ್ಟಿಯೊಂದರ ಎರಡೂ ಬದಿಯಿಂದ ಬಾಣಗಳು ನಡುಗೆರೆಯ ಕಡೆಗೆ ಬಾಗಿ, ಅಡ್ಡಾದಿಡ್ಡಿ ಒಂದರ ಮೇಲೊಂದು ಬಿದ್ದಿದ್ದರೆ, ಪಟ್ಟಿಯಾಚೆ ಎಲೆಯೂ ಅಲುಗಿಲ್ಲದಿದ್ದರೆ, ಸುಂಟರಗಾಳಿ ಎನ್ನಲು ಆಧಾರವಿದೆ.

ಬೆಂಗಳೂರಿನಲ್ಲಿ ಈ ಲೆಕ್ಕ ಕೆಡುವ ಜಾಗಗಳು ಹಲವು. ಎತ್ತರದ ಕಟ್ಟಡಗಳ ನಡುವಿನ ರಸ್ತೆ ಗಾಳಿಯನ್ನು ತನ್ನ ದಿಕ್ಕಿಗೇ ತಿರುಗಿಸುತ್ತದೆ. ರಸ್ತೆ ತೆರವು ಮಾಡುವವರು ಗಂಟೆಯೊಳಗೆ ಕಾಂಡ ಕತ್ತರಿಸಿ ಪಕ್ಕಕ್ಕೆ ಎಳೆದಿರುತ್ತಾರೆ, ಎಳೆದ ಮೇಲೆ ದಿಕ್ಕಿಗೆ ಅರ್ಥವಿಲ್ಲ. ಎಲ್ಲಕ್ಕಿಂತ ದೊಡ್ಡದು, ಮರಗಳು ಗಾಳಿಯ ದಿಕ್ಕಿಗೆ ಬೀಳದೆ ಬೇರಿಲ್ಲದ ಕಡೆಯ ದೌರ್ಬಲ್ಯಕ್ಕೆ ತಕ್ಕಂತೆ ಬೀಳುವುದು. ಉರುಳಿದ ಗುಲ್‌ಮೊಹರ್ ಅಥವಾ ಮಳೆಮರದ ಬುಡ ನೋಡಿ. ಬೇರು ತಟ್ಟೆಯಂತೆ ಚಪ್ಪಟೆಯಾಗಿ ಎದ್ದಿರುತ್ತದೆ. ಚರಂಡಿಯ ಕಡೆ ಗರಗಸದಲ್ಲಿ ಕೊಯ್ದಷ್ಟು ನೇರವಾದ ಅಂಚು, ಅಲ್ಲಿ ಬೆರಳಗಾತ್ರದ ಹೊಸ ಬೇರು ಬಿಟ್ಟರೆ ಬೇರೇನಿಲ್ಲ. ಫುಟ್‌ಪಾತಿನ ಕಾಂಕ್ರೀಟು ಕಾಂಡವನ್ನು ಕುತ್ತಿಗೆಯವರೆಗೆ ಹಿಡಿದಿದ್ದ ಗುರುತು ತೊಗಟೆಯ ಮೇಲೆ ಇರುತ್ತದೆ. ಕೇಬಲ್ಲಿಗಾಗಿ ಅಗೆದ ಕಡೆ ದಪ್ಪ ಬೇರು ಕಡಿದು, ಕೊಳೆತು, ಕಪ್ಪಾಗಿರುತ್ತದೆ. ಇಂಥ ಮರಗಳನ್ನು ದಿಕ್ಕಿನ ಲೆಕ್ಕದಿಂದ ತೆಗೆದುಹಾಕಿ, ಬೇರೆ ಪಟ್ಟಿಯಲ್ಲಿ ಬರೆಯಬೇಕು. ಆ ಎರಡನೆಯ ಪಟ್ಟಿಯೇ ಹೆಚ್ಚು ಉದ್ದವಾಗುತ್ತದೆಂದು ನನ್ನ ಊಹೆ.

ಗಾಳಿಯ ತೂಕ

ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 40 ಕಿ.ಮೀ. ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 8 ಕಿಲೋ ಭಾರ ಹಾಕಿದರೆ, 60 ಕಿ.ಮೀ. ಗಾಳಿ 17 ಕಿಲೋ, 80 ಕಿ.ಮೀ. ಗಾಳಿ 31 ಕಿಲೋ. ತಾರಸಿಯ ಶೆಡ್ಡಿನ ಹತ್ತಡಿ ಉದ್ದ ಮೂರಡಿ ಅಗಲದ ಒಂದು ತಗಡಿನ ಮೇಲೆ 80 ಕಿ.ಮೀ. ಗಾಳಿ ಬಿದ್ದರೆ 85 ಕಿಲೋ ದಾಟುತ್ತದೆ. ಎರಡು ಜೆ-ಬೋಲ್ಟ್ ತುಕ್ಕು ಹಿಡಿದಿದ್ದರೆ ಹಾರಲು ಸುಂಟರಗಾಳಿ ಬೇಕಾಗಿಲ್ಲ. ಖಾಲಿ ನೀರಿನ ಟ್ಯಾಂಕಿನದೂ ಅದೇ ಕಥೆ. ಅರ್ಧ ತುಂಬಿಸಿಟ್ಟರೆ ಅಲುಗದು.

ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ ಬೆಂಗಳೂರಿಗೆ ನಿಗದಿಮಾಡಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಈ ಲೆಕ್ಕದಲ್ಲಿ ಕಟ್ಟಿದ ಹೋರ್ಡಿಂಗ್, ಟವರ್, ಶೆಡ್ಡು 60–80 ಕಿ.ಮೀ. ಗಾಳಿಗೆ ಬೀಳಬಾರದು. 2024ರ ಮೇ 13ರಂದು ಮುಂಬೈನ ಘಾಟ್‌ಕೋಪರ್‌ನಲ್ಲಿ ಹೋರ್ಡಿಂಗ್ ಬಿದ್ದು 17 ಮಂದಿ ಸತ್ತದ್ದೂ ಗುಡುಗು ಮೋಡದಿಂದ ಹೊರಬಿದ್ದ ಧೂಳು ಗಾಳಿಗೇ. ಅದರ ಅಳತೆ 120 ಅಡಿಗೆ 120 ಅಡಿ. 60 ಕಿ.ಮೀ. ಗಾಳಿಯಲ್ಲೂ ಅದರ ಮೇಲೆ 23 ಟನ್ ಭಾರ ಬೀಳುತ್ತದೆ. ‘ಸುಂಟರಗಾಳಿ ಬಂತು, ಏನು ಮಾಡೋಣ’ ಎಂಬ ಮಾತನ್ನು ಒಪ್ಪಲಾಗದಿರುವುದು ಇದಕ್ಕೇ. ಸುಂಟರಗಾಳಿ ಮಾಪಕದ ತೀರಾ ಕೆಳಗಿನ ದರ್ಜೆಯೇ 105 ಕಿ.ಮೀ.ಯಿಂದ ಶುರುವಾಗುತ್ತದೆ. ಸುಂಟರಗಾಳಿ ಎಂಬ ಹೆಸರು ಹಚ್ಚಿಬಿಟ್ಟರೆ 70 ಕಿ.ಮೀ. ಗಾಳಿಗೆ ಬಿದ್ದದ್ದರ ಕೆಲಸಗಾರಿಕೆಯನ್ನು ಯಾರೂ ಪ್ರಶ್ನಿಸುವುದಿಲ್ಲ.

ರಾಡಾರ್‌ಗೆ ಏನು ಕಾಣುತ್ತದೆ

ಮೋಡದೊಳಗಿನ ಗಾಳಿಯ ವೇಗವನ್ನೂ ಅಳೆಯಬಲ್ಲ ಡಾಪ್ಲರ್ ರಾಡಾರ್ ಬೆಂಗಳೂರಿಗೇ ಒಂದು ಬೇಕೆಂಬ ಬೇಡಿಕೆ ಹಳೆಯದು. ಮುನ್ಸೂಚಕರು ಬಹುಕಾಲ ನೆಚ್ಚಿಕೊಂಡದ್ದು ಚೆನ್ನೈನಂಥ ದೂರದ ರಾಡಾರ್‌ಗಳನ್ನು. ದೂರ ಎಂದರೆ ಎಷ್ಟು ನಷ್ಟ? ಚೆನ್ನೈ–ಬೆಂಗಳೂರು ನೇರ ದೂರ ಸುಮಾರು 290 ಕಿ.ಮೀ. ಅರ್ಧ ಡಿಗ್ರಿ ಎತ್ತರಿಸಿ ಬಿಟ್ಟ ಕಿರಣ ಇಲ್ಲಿಗೆ ಬರುವಷ್ಟರಲ್ಲಿ ಭೂಮಿಯ ಬಾಗು ಸೇರಿ ಸಮುದ್ರಮಟ್ಟದಿಂದ ಏಳೂವರೆ ಕಿ.ಮೀ. ಮೇಲಿರುತ್ತದೆ, ಅಂದರೆ ನಮ್ಮ ನೆಲದಿಂದ ಆರೂವರೆ. ಒಂದು ಡಿಗ್ರಿ ಅಗಲದ ಕಿರಣವಾದರೆ ಅಷ್ಟು ದೂರದಲ್ಲಿ ಅದು ಐದು ಕಿ.ಮೀ. ಅಗಲವಾಗಿರುತ್ತದೆ. ಮೋಡದ ತಲೆ ಕಾಣುತ್ತದೆ, ಅದರ ಬುಡದಲ್ಲಿ ನಡೆಯುವುದು ಕಾಣುವುದಿಲ್ಲ. ಡೌನ್‌ಬರ್ಸ್ಟ್ ಹರಡುವುದೂ ಸುಂಟರಗಾಳಿ ಬಿಗಿಯಾಗುವುದೂ ನೆಲದಿಂದ ಒಂದು ಕಿ.ಮೀ. ಒಳಗೆ. ಅದೇ ರಾಡಾರ್ 50 ಕಿ.ಮೀ. ದೂರದಲ್ಲಿದ್ದರೆ ಕಿರಣ 600 ಮೀಟರ್ ಎತ್ತರದಲ್ಲಿ ಹಾಯುತ್ತದೆ.

ಹತ್ತಿರದ ರಾಡಾರ್ ಬಂದರೂ ಎಚ್ಚರಿಕೆಗೆ ಸಿಗುವ ಸಮಯ ಗಂಟೆಗಳಲ್ಲ. ಅಷ್ಟೊಂದು ರಾಡಾರ್ ಇರುವ ಅಮೆರಿಕದಲ್ಲೇ ಸುಂಟರಗಾಳಿ ಎಚ್ಚರಿಕೆ ಸರಾಸರಿ ಹತ್ತು ನಿಮಿಷದ ಆಸುಪಾಸಿನಲ್ಲಿ ಮುಂಚಿತವಾಗಿ ಸಿಗುತ್ತದೆ. ಡೌನ್‌ಬರ್ಸ್ಟ್ ಇನ್ನೂ ಚುರುಕು. ಸದ್ಯ ಕೈಯಲ್ಲಿರುವುದು ಹವಾಮಾನ ಇಲಾಖೆಯ ‘ನೌಕಾಸ್ಟ್’ (ಮುಂದಿನ ಮೂರು ಗಂಟೆಯ ಮುನ್ಸೂಚನೆ) ಮತ್ತು ಸಿಡಿಲು ಎಚ್ಚರಿಕೆಯ ದಾಮಿನಿ ಆ್ಯಪ್. ಸೆಕೆಯ ನಡುವೆ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಬೀಸಿ ಮಣ್ಣಿನ ವಾಸನೆ ಬಂತೆಂದರೆ ಮುಂಚೂಣಿ ಮುಟ್ಟಿತೆಂದೇ ಅರ್ಥ. ಬೈಕ್ ಸವಾರರು ಮರದಡಿ ನಿಲ್ಲುವುದೂ ಅಂಡರ್‌ಪಾಸಿಗೆ ಇಳಿಯುವುದೂ ಆ ಹೊತ್ತಿಗೇ, ಎರಡೂ ಜೀವಕ್ಕೆ ಮುಳುವು. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಂದು ಜೀವ ಹೋಯಿತು. ಗಟ್ಟಿ ಕಟ್ಟಡದ ಕೆಳಮಹಡಿಯೇ ಲೇಸು.

ಬಿಸಿಯಾಗುತ್ತಿರುವ ಭೂಮಿ, ವಿಮೆ, ಪರಿಹಾರ

ಹವಾಮಾನ ಬದಲಾವಣೆಯ ವಾದಕ್ಕೆ ಬರೋಣ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ಆವಿ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಗುಡುಗು ಮೋಡದ ಇಂಧನ ಹೆಚ್ಚುತ್ತದೆ, ಸುರಿದಾಗ ಜೋರಾಗಿ ಸುರಿಯುತ್ತದೆ. ಆದರೆ ಸುಂಟರಗಾಳಿಗೆ ಬೇಕಾದ ಶಿಯರ್ ಏನಾಗುತ್ತದೆಂಬುದು ಅಷ್ಟು ಸ್ಪಷ್ಟವಿಲ್ಲ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ ಐಪಿಸಿಸಿ ಕೂಡ ಸುಂಟರಗಾಳಿಯ ಪ್ರವೃತ್ತಿಯ ಬಗ್ಗೆ ಕಡಿಮೆ ಖಚಿತತೆಯಿಂದಲೇ ಮಾತಾಡುತ್ತದೆ. ಬೆಂಗಳೂರು ಹೆಚ್ಚಾಗಿ ಎದುರುನೋಡಬೇಕಾದದ್ದು ಜೋರು ಮಳೆ ಮತ್ತು ಬೀಳುವ ಗಾಳಿಯನ್ನು.

ವಿಮೆಯ ಮಟ್ಟಿಗೆ ಹೆಸರು ಮುಖ್ಯವಲ್ಲ. ಮನೆ-ಅಂಗಡಿಗಳ ಸಾಮಾನ್ಯ ಅಗ್ನಿ ವಿಮೆಯಲ್ಲಿ ಬಿರುಗಾಳಿ, ಚಂಡಮಾರುತ, ಸುಂಟರಗಾಳಿ, ಪ್ರವಾಹ ಒಂದೇ ಸಾಲಿನಲ್ಲಿರುತ್ತವೆ. ಕಾರಿನ ಮೇಲೆ ಮರ ಬಿದ್ದರೆ ‘ಸ್ವಂತ ಹಾನಿ’ ಭಾಗವಿರುವ ಪಾಲಿಸಿ ಬೇಕು. ಬರೀ ಥರ್ಡ್ ಪಾರ್ಟಿ ಇದ್ದರೆ ಏನೂ ಸಿಗದು. ಕ್ಲೇಮಿಗೆ ಮರ ತೆಗೆಯುವ ಮುಂಚಿನ ಫೋಟೊ ಬೇಕಾಗುತ್ತದೆ.

ಸರ್ಕಾರಿ ಪರಿಹಾರದಲ್ಲಿ ಮಾತ್ರ ಹೆಸರಿಗೆ ಬೆಲೆಯಿದೆ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಒಪ್ಪಿದ 12 ವಿಪತ್ತುಗಳಲ್ಲಿ ಚಂಡಮಾರುತ, ಪ್ರವಾಹ, ಆಲಿಕಲ್ಲು ಮಳೆ, ಮೇಘಸ್ಫೋಟ ಇವೆ. ಗುಡುಗು ಗಾಳಿಯೂ ಇಲ್ಲ, ಸುಂಟರಗಾಳಿಯೂ ಇಲ್ಲ. ರಾಜ್ಯಗಳು ತಮ್ಮದೇ ವಿಪತ್ತುಗಳನ್ನು ಗುರುತಿಸಿ ಆ ನಿಧಿಯ ಶೇ 10ರವರೆಗೆ ಬಳಸಬಹುದು. ಮರ ಬಿದ್ದು ಸತ್ತವರ ಮನೆಗೆ ಹಣ ಯಾವ ಲೆಕ್ಕದಿಂದ ಬರುತ್ತದೆ, ಪಾಲಿಕೆಯಿಂದಲೋ ವಿಪತ್ತು ನಿಧಿಯಿಂದಲೋ ಎಂಬುದು, ಆ ಮರದ ಬೇರನ್ನು ಕಡಿದದ್ದು ಗಾಳಿಯೋ ಗುತ್ತಿಗೆದಾರನ ಜೆಸಿಬಿಯೋ ಎಂಬ ಪ್ರಶ್ನೆಗೂ ತಳಕು ಹಾಕಿಕೊಂಡಿದೆ.